ಮನೆಯ ಒಂದೇ ಮೂಲೆಗೆ ವೈಫೈ ತಲುಪುತ್ತಿಲ್ಲವೇ? ಕೊಡಗಿನ ಮನೆಗಳಿಗೆ ಹಂತ ಹಂತದ ಮಾರ್ಗದರ್ಶಿ

ಹಜಾರದಲ್ಲಿ ನೆಟ್ ಚೆನ್ನಾಗಿ ಓಡುತ್ತದೆ, ಹಿಂದಿನ ಕೋಣೆಗೆ ಹೋದರೆ ವೀಡಿಯೊ ಸುತ್ತುತ್ತಲೇ ಇರುತ್ತದೆ. ಇಂಥ ಮನೆಗಳಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ರಿಪೀಟರ್ ತಂದು, ಸಿಗ್ನಲ್ ಸಿಗದ ಆ ಕೋಣೆಯಲ್ಲೇ ಪ್ಲಗ್ಗಿಗೆ ಚುಚ್ಚುವುದು. ಆಮೇಲೆ ಫೋನಿನಲ್ಲಿ ಕಡ್ಡಿಗಳೆಲ್ಲ ತುಂಬುತ್ತವೆ, ನೆಟ್ ಮಾತ್ರ ಬರುವುದಿಲ್ಲ. ರಿಪೀಟರ್ ಎಂದರೆ ಕೇಳಿದ್ದನ್ನು ಮತ್ತೊಮ್ಮೆ ಹೇಳುವ ಪೆಟ್ಟಿಗೆ. ಅದಕ್ಕೇ ಏನೂ ಕೇಳಿಸದ ಜಾಗದಲ್ಲಿ ಕೂರಿಸಿದರೆ ಅದು ಹೇಳುವುದಾದರೂ ಏನನ್ನು?

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಐದಕ್ಕೆ ದುಡ್ಡು ಬೇಕಿಲ್ಲ, ಅರ್ಧ ದಿನ ಬೇಕು. ಎಷ್ಟೋ ಮನೆಗಳ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಕೈಗೆ ಇಟ್ಟುಕೊಳ್ಳಬೇಕಾದ ಸಾಮಾನು

ಅಳತೆಗೆ ಆಂಡ್ರಾಯ್ಡ್ ಫೋನ್ ಒಂದು, ಅದರಲ್ಲಿ ಯಾವುದಾದರೂ ವೈಫೈ ಅನಲೈಸರ್ ಆ್ಯಪ್. ಐಫೋನ್ ಮಾತ್ರ ಇದ್ದರೆ ಏರ್‌ಪೋರ್ಟ್ ಯುಟಿಲಿಟಿ ಆ್ಯಪ್ ಹಾಕಿಕೊಂಡು, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅದರ ವೈಫೈ ಸ್ಕ್ಯಾನರ್ ಆನ್ ಮಾಡಿ. ಲ್ಯಾನ್ ಪೋರ್ಟ್ ಇರುವ ಲ್ಯಾಪ್‌ಟಾಪ್, 2 ಮೀಟರಿನ ಲ್ಯಾನ್ ಕೇಬಲ್, ಉದ್ದದ ಎಕ್ಸ್‌ಟೆನ್ಷನ್ ಬೋರ್ಡ್, ಕಾಗದ, ಪೆನ್ಸಿಲ್.

ಆರನೇ ಹಂತಕ್ಕೆ ಹೋಗಬೇಕಾಗಿ ಬಂದರೆ ಮಾತ್ರ: ಕ್ಯಾಟ್ 6 ಕೇಬಲ್, 10 ಆರ್‌ಜೆ45 ಪ್ಲಗ್ (ನಾಲ್ಕೇ ಬೇಕಾದರೂ ಹತ್ತು ತನ್ನಿ, ಮೊದಲ ಎರಡು ಕೆಡುತ್ತವೆ), ಕ್ರಿಂಪಿಂಗ್ ಇಕ್ಕಳ, ಲ್ಯಾನ್ ಟೆಸ್ಟರ್, 20 ಅಥವಾ 25 ಮಿಲಿಮೀಟರ್ ಪೈಪ್, 16 ಮಿಲಿಮೀಟರಿನ ಉದ್ದ ಡ್ರಿಲ್ ಬಿಟ್, ಸಿಲಿಕೋನ್ ಟ್ಯೂಬ್. ಗೋಣಿಕೊಪ್ಪ, ಕುಶಾಲನಗರ, ಮಡಿಕೇರಿಯಲ್ಲಿ ಸಿಸಿಟಿವಿ ಸಾಮಾನು ಮಾರುವ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ.

ಹಂತ 1: ತಪ್ಪು ಒಳಗಿನದೋ ಹೊರಗಿನದೋ

ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ, ಕೇಬಲ್‌ನಿಂದ ನೇರ ರೌಟರಿಗೆ ಸಿಕ್ಕಿಸಿ ಸ್ಪೀಡ್ ಟೆಸ್ಟ್ ಮಾಡಿ. ನೀವು ದುಡ್ಡು ಕೊಡುತ್ತಿರುವ ವೇಗದ ಹತ್ತಿರ ಬಂದರೆ ಹೊರಗಿನ ಲೈನ್ ಸರಿಯಿದೆ. ಬರದಿದ್ದರೆ ಇಲ್ಲೇ ನಿಲ್ಲಿ. ಹೊರಗಿನಿಂದಲೇ ಬಾರದ ನೆಟ್ಟನ್ನು ಮನೆಯೊಳಗೆ ಹಂಚಿ ಪ್ರಯೋಜನವಿಲ್ಲ.

ಫೈಬರ್ ಸಂಪರ್ಕವಾದರೆ ಪೆಟ್ಟಿಗೆಯ ಮೇಲೆ ಎಲ್‌ಒಎಸ್ ಎಂಬ ದೀಪ ಕೆಂಪಗೆ ಮಿನುಗುತ್ತಿದೆಯೇ ನೋಡಿ. ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ. ದೀಪ ಸರಿಯಿದ್ದೂ ಲೈನ್ ಹೋಗಿ ಬಂದು ಮಾಡುತ್ತಿದ್ದರೆ ಪೆಟ್ಟಿಗೆಯ ಸೆಟ್ಟಿಂಗ್ ಪುಟದಲ್ಲಿ ಆರ್‌ಎಕ್ಸ್ ಆಪ್ಟಿಕಲ್ ಪವರ್ ಎಂಬ ಸಂಖ್ಯೆ ಹುಡುಕಿ. -15ರಿಂದ -25 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ) ನಡುವೆ ಇದ್ದರೆ ನಿಶ್ಚಿಂತೆ. -27ರ ಆಸುಪಾಸಿಗೆ ಇಳಿದಿದ್ದರೆ ಲೈನ್‌ಮನ್ ಬರಬೇಕು. ಪೆಟ್ಟಿಗೆಯ ಹಿಂದೆ ಹಳದಿ ಅಥವಾ ಬಿಳಿ ಫೈಬರ್ ಮೊಳೆಗೆ ಸಿಕ್ಕಿಕೊಂಡು ಚೂಪಾಗಿ ಮಡಿಸಿದ್ದರೂ ಹೀಗಾಗುತ್ತದೆ. ಅದು ಕಾಫಿ ಲೋಟದ ಬಾಯಿಗಿಂತ ಸಣ್ಣ ಸುತ್ತಿಗೆ ಬಾಗದಂತೆ ಬಿಡಿ.

"ಮಳೆ ಬಂದರೆ ವೈಫೈ ಹೋಗುತ್ತದೆ" ಎಂಬ ದೂರಿನ ಮೂಲ ಹೆಚ್ಚಾಗಿ ಇಲ್ಲೇ ಇರುತ್ತದೆ. ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದು ಜಗ್ಗಿರುತ್ತದೆ, ಇಲ್ಲವೇ ಕಂಬದ ಜಾಯಿಂಟ್ ಡಬ್ಬಿಯೊಳಗೆ ನೀರು ನಿಂತಿರುತ್ತದೆ. ಮಡಿಕೇರಿಯ ಮಂಜಿಗೆ ಅಪವಾದ ಹೊರಿಸಬೇಡಿ. ವೈಫೈ ತರಂಗಕ್ಕೆ ಮಂಜು ಲೆಕ್ಕಕ್ಕೇ ಇಲ್ಲ.

ಹಂತ 2: ಕಡ್ಡಿ ನಂಬಬೇಡಿ, ಡಿಬಿಎಂ ಬರೆದುಕೊಳ್ಳಿ

ಫೋನಿನ ಕಡ್ಡಿಗಳು ಕಂಪನಿಗೊಂದು ಲೆಕ್ಕದಲ್ಲಿ ತುಂಬುತ್ತವೆ. ಆ್ಯಪ್ ತೋರಿಸುವ ಡಿಬಿಎಂ ಅಂಕಿ ಒಂದೇ ಅಳತೆ. ಇದು ಋಣ ಸಂಖ್ಯೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ. -50 ಎಂದರೆ ರೌಟರ್ ಪಕ್ಕದಲ್ಲೇ ನಿಂತಂತೆ. -67ರವರೆಗೆ ವೀಡಿಯೊ ಕರೆ ನೆಮ್ಮದಿಯಾಗಿ ನಡೆಯುತ್ತದೆ. -70 ದಾಟಿದರೆ ತೊಡರು ಶುರು, -80ರಲ್ಲಿ ಹೆಸರಿಗೆ ಮಾತ್ರ ಸಂಪರ್ಕ. ಪ್ರತಿ 3 ಅಂಕಿ ಇಳಿದಾಗ ಶಕ್ತಿ ಅರ್ಧವಾಗುತ್ತದೆ ಎಂಬುದು ನೆನಪಿರಲಿ. -67ಕ್ಕೂ -73ಕ್ಕೂ ಇರುವುದು ಆರೇ ಅಂಕಿಯ ಅಂತರ, ಆದರೆ ಶಕ್ತಿಯಲ್ಲಿ ನಾಲ್ಕು ಪಟ್ಟು.

ಅಳೆಯುವ ಮೊದಲು ರೌಟರ್ ಸೆಟ್ಟಿಂಗ್‌ನಲ್ಲಿ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಎಂಬ ಎರಡು ವೈಫೈ ಬ್ಯಾಂಡ್‌ಗಳಿಗೂ ಬೇರೆ ಬೇರೆ ಹೆಸರು ಕೊಡಿ. ಇಲ್ಲವಾದರೆ ಫೋನ್ ಯಾವುದನ್ನು ಹಿಡಿದಿದೆ ಎಂದು ಗೊತ್ತಾಗದೆ ಅಳತೆಯೇ ಹಾಳು.

ಈಗ ಮನೆಯ ನಕ್ಷೆ ಕಾಗದದ ಮೇಲೆ ಗೀಚಿ. ಗೋಡೆಗಳ ದಪ್ಪ, ಬಾಗಿಲು, ಅಡುಗೆಮನೆ, ಫ್ರಿಜ್, ಕಬ್ಬಿಣದ ಬೀರು, ನೀರಿನ ಟ್ಯಾಂಕ್ ಗುರುತಿಸಿ. ಪ್ರತಿ ಕೋಣೆಯಲ್ಲೂ ಫೋನ್ ಎದೆಯೆತ್ತರಕ್ಕೆ ಹಿಡಿದು, 15 ಸೆಕೆಂಡ್ ನಿಂತು, ಎರಡೂ ಬ್ಯಾಂಡಿನ ಅಂಕಿ ಬರೆಯಿರಿ. ನಡೆಯುತ್ತಾ ಅಳೆದರೆ ಅಂಕಿ ಹಿಂದೆ ಬೀಳುತ್ತದೆ.

ಹಂತ 3: ಅಂಕಿ ಕುಸಿಯುವ ಗೋಡೆ ಯಾವುದು

ರೌಟರಿನಿಂದ ಕಾಡುವ ಕೋಣೆಯ ಕಡೆಗೆ ಹೆಜ್ಜೆ ಹೆಜ್ಜೆ ಹೋಗಿ. ಪ್ರತಿ ಗೋಡೆಯ ಈಚೆ ಒಮ್ಮೆ, ಆಚೆ ಒಮ್ಮೆ ಅಳೆಯಿರಿ. ಬಯಲಲ್ಲಿ ದೂರ ಇಮ್ಮಡಿಯಾದರೆ ಸುಮಾರು 6 ಅಂಕಿ ಮಾತ್ರ ಇಳಿಯುತ್ತದೆ. ಹಾಗಾಗಿ ಒಂದೇ ಗೋಡೆ ದಾಟುವಾಗ 15 ಅಂಕಿ ಬಿದ್ದರೆ ಅಪರಾಧಿ ದೂರವಲ್ಲ, ಆ ಗೋಡೆ.

ಹಳೆಯ ಐನ್‌ಮನೆಗಳಲ್ಲಿ (ಕೊಡವ ಕುಟುಂಬಗಳ ಮೂಲಮನೆ) ಈ ಪರೀಕ್ಷೆ ಮಾಡಿದವರಿಗೆ ಆಶ್ಚರ್ಯವಾಗುವುದಿಲ್ಲ. ಎರಡು ಅಡಿ ದಪ್ಪದ ಮಣ್ಣಿನ ಅಥವಾ ಕೆಂಪುಕಲ್ಲಿನ ಗೋಡೆ, ಕಕ್ಕಡದ ಮಳೆಯಲ್ಲಿ ತೇವ ಹೀರಿಕೊಂಡು ಸಿಗ್ನಲ್‌ಗೆ ಇನ್ನಷ್ಟು ದೊಡ್ಡ ತಡೆಯಾಗುತ್ತದೆ. ನೀರು ರೇಡಿಯೊ ತರಂಗವನ್ನು ನುಂಗುತ್ತದೆ. ಬೇಸಿಗೆಯಲ್ಲಿ ಹೇಗೋ ನಡೆಯುತ್ತಿದ್ದ ಕೋಣೆ ಜುಲೈನಲ್ಲಿ ಕೈಕೊಡುವುದಕ್ಕೆ ಇದೂ ಒಂದು ಕಾರಣ. ಆದರೆ ಅದೇ ಮನೆಯ ಮರದ ಬಾಗಿಲು, ಮರದ ಅಟ್ಟ, ಹೆಂಚು ಇವೆಲ್ಲ ತರಂಗವನ್ನು ಸುಲಭವಾಗಿ ಬಿಟ್ಟುಕೊಡುತ್ತವೆ. ಗೋಡೆ ಸೀಳಲಾಗದ ಸಿಗ್ನಲ್ ಬಾಗಿಲಿಂದ ಬಾಗಿಲಿಗೆ, ಇಲ್ಲವೇ ಅಟ್ಟದ ಮೇಲಿಂದ ಹೋಗುತ್ತದೆ.

ಹೊಸ ಮನೆಗಳ ಕಥೆ ಬೇರೆ. ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕ್ ಗೋಡೆ ತೆಳ್ಳಗಿರುತ್ತದೆ, ಆದರೆ ನಡುವಿನ ಕಾಂಕ್ರೀಟ್ ಸ್ಲ್ಯಾಬಿನಲ್ಲಿ ಕಬ್ಬಿಣದ ಜಾಲವಿದೆ. ಮಳೆಗೆಂದು ತಾರಸಿ ಮೇಲೆ ಹಾಕಿಸಿದ ತಗಡಿನ ಶೀಟು ಕೆಳಗಿನ ಕೋಣೆಗಳಿಗೆ ತೊಂದರೆ ಕೊಡುವುದಿಲ್ಲ. ಮನೆಯ ರೌಟರಿನಿಂದ ಪಕ್ಕದ ತಗಡಿನ ಶೆಡ್ಡಿನೊಳಗೆ ಸಿಗ್ನಲ್ ನುಗ್ಗಿಸಲು ಹೋದರೆ ಮಾತ್ರ ಆಗದು. ಲೋಹ ಪೂರ್ತಿ ತಡೆ. ಅಡ್ಡಕ್ಕೆ ಇರುವ ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಫ್ರಿಜ್ ಇವೂ ಸಣ್ಣ ತಗಡಿನ ಗೋಡೆಗಳೇ.

ಹಂತ 4: ರೌಟರಿನ ಜಾಗ ಬದಲಿಸಿ

ಫೈಬರ್ ಹಾಕಲು ಬಂದವರು ತಂತಿ ಮನೆಯೊಳಗೆ ಬರುವ ಮೊದಲ ಕಿಟಕಿಯ ಪಕ್ಕದಲ್ಲೇ ಪೆಟ್ಟಿಗೆ ತೂಗುಹಾಕಿ ಹೋಗುತ್ತಾರೆ. ಸಾಮಾನ್ಯವಾಗಿ ಅದು ಜಗಲಿಯ ಮೂಲೆ, ಟಿವಿ ಹಿಂದೆ. ಅರ್ಧ ಸಿಗ್ನಲ್ ಅಂಗಳದ ಕಾಫಿ ಗಿಡಗಳಿಗೆ ಹೋಗುತ್ತದೆ.

ಎಕ್ಸ್‌ಟೆನ್ಷನ್ ಬೋರ್ಡ್ ಹಿಡಿದು ಪ್ರಯೋಗ ಮಾಡಿ. ಫೈಬರ್ ಸಾಲದಿದ್ದರೆ ಅದನ್ನು ಎಳೆದಾಡಬೇಡಿ. ಪೆಟ್ಟಿಗೆ ಇದ್ದಲ್ಲೇ ಇರಲಿ, ಬೇರೆ ರೌಟರ್ ಇದ್ದರೆ ಅದನ್ನು ಲ್ಯಾನ್ ಕೇಬಲ್‌ನಿಂದ ಮುಂದಕ್ಕೆ ತನ್ನಿ. ಸರಿಯಾದ ಜಾಗ ಎಂದರೆ ಮನೆಯ ನಡು, ನೆಲದಿಂದ 5–6 ಅಡಿ ಎತ್ತರ, ಬಯಲಿಗೆ. ಐನ್‌ಮನೆಯಲ್ಲಿ ನೆಲ್ಲಕ್ಕಿ ನಡುಬಾಡೆಗೆ (ದೀಪವಿರುವ ನಡುಮನೆ) ತೆರೆಯುವ ಬಾಗಿಲ ಮೇಲಿನ ಜಾಗ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ, ಏಕೆಂದರೆ ಕೋಣೆಗಳ ಬಾಗಿಲುಗಳೆಲ್ಲ ಆ ಕಡೆಗೇ ಮುಖ ಮಾಡಿರುತ್ತವೆ. ದೀಪದ ಜಾಗದಲ್ಲಿ ಪೆಟ್ಟಿಗೆ ಬೇಡ ಎನ್ನುವ ಹಿರಿಯರಿದ್ದರೆ ಅಟ್ಟದ ತೊಲೆಯ ಮೇಲೆ ಇಡಿ. ಮರ ಅಡ್ಡಿ ಮಾಡದು.

ರೌಟರನ್ನು ಬೀರಿನೊಳಗೆ, ಟಿವಿ ಹಿಂದೆ, ಮೈಕ್ರೋವೇವ್ ಪಕ್ಕ ಇಡಬೇಡಿ. ಆಂಟೆನಾದ ತುದಿ ಕಾಡುವ ಕೋಣೆಯ ಕಡೆಗೆ ತೋರಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಕಡ್ಡಿ ಆಂಟೆನಾದಿಂದ ಸಿಗ್ನಲ್ ತುದಿಯಿಂದ ಹಾರುವುದಿಲ್ಲ, ಪಕ್ಕಗಳಿಂದ ಉದ್ದಿನ ವಡೆಯಂತೆ ಸುತ್ತ ಹರಡುತ್ತದೆ. ತುದಿಯ ನೇರಕ್ಕಿರುವುದು ವಡೆಯ ತೂತು. ಒಂದೇ ಅಂತಸ್ತಿನ ಮನೆಗೆ ಆಂಟೆನಾಗಳು ನೆಟ್ಟಗೆ ನಿಲ್ಲಲಿ. ಮಹಡಿಗೂ ಬೇಕಾದರೆ ಒಂದನ್ನು ಮಲಗಿಸಿ.

ತೋಟದ ಮನೆಗಳಲ್ಲಿ ಸಿಮ್ ಹಾಕುವ 4ಜಿ ರೌಟರ್ ಇದ್ದರೆ ಒಂದು ಕಷ್ಟ. ಟವರ್ ಸಿಗುವುದು ಮಹಡಿಯ ಒಂದೇ ಕಿಟಕಿಯಲ್ಲಿ, ವೈಫೈ ಬೇಕಿರುವುದು ಕೆಳಗಿನ ಹಿಂದಿನ ಕೋಣೆಯಲ್ಲಿ. ಅದನ್ನು ಮನೆಯ ನಡುವಿಗೆ ತಂದರೆ ಎರಡೂ ಕೆಡುತ್ತವೆ. ಕಿಟಕಿಯಲ್ಲೇ ಬಿಟ್ಟು ನೇರ ಆರನೇ ಹಂತಕ್ಕೆ ಹೋಗಿ.

ಜಾಗ ಬದಲಿಸಿ ಮತ್ತೆ ಅಳೆದಾಗ ಕಾಡುವ ಕೋಣೆಯಲ್ಲಿ -67 ಅಥವಾ ಅದಕ್ಕಿಂತ ಮೇಲೆ ಬಂದರೆ ಮುಂದೆ ಓದುವ ಅಗತ್ಯವಿಲ್ಲ, ಒಂಬತ್ತನೇ ಹಂತವೊಂದನ್ನು ಬಿಟ್ಟು.

ಹಂತ 5: ಸೆಟ್ಟಿಂಗ್

ರೌಟರ್ ಸೆಟ್ಟಿಂಗ್ ಪುಟಕ್ಕೆ ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಹಾಕಿ. ಹೊಕ್ಕುವ ಹೆಸರು, ಪಾಸ್‌ವರ್ಡ್ ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಿರುತ್ತಾರೆ.

ದೂರದ ಕೋಣೆಗೆ 2.4 ಗಿಗಾಹರ್ಟ್ಸ್ ಬಳಸಿ. ವೇಗ ಕಡಿಮೆ, ಗೋಡೆ ದಾಟುವ ಶಕ್ತಿ ಹೆಚ್ಚು. ವೀಡಿಯೊ ಕರೆಗೆ 3–4 ಎಂಬಿಪಿಎಸ್ ಸ್ಥಿರವಾಗಿ ಸಿಕ್ಕರೆ ಸಾಕು. 5 ಗಿಗಾಹರ್ಟ್ಸ್ ರೌಟರ್ ಇರುವ ಕೋಣೆಗೂ ಪಕ್ಕದ ಕೋಣೆಗೂ ಇರಲಿ.

2.4ರಲ್ಲಿ ಚಾನೆಲ್ ಅಗಲ 20 ಮೆಗಾಹರ್ಟ್ಸ್ ಮಾಡಿ. ಚಾನೆಲ್ 1, 6, 11 ಈ ಮೂರರಲ್ಲಿ ಒಂದೇ ಆರಿಸಿ, ಏಕೆಂದರೆ ಒಂದರ ಮೇಲೊಂದು ಬೀಳದವು ಇವು ಮಾತ್ರ. ಅನಲೈಸರ್ ಆ್ಯಪಿನಲ್ಲಿ ಯಾವುದರ ಮೇಲೆ ನೆರೆಯವರ ಗುಡ್ಡೆ ಕಡಿಮೆಯೋ ಅದು ನಿಮ್ಮದು. ಮಡಿಕೇರಿ ಪೇಟೆಯಲ್ಲಿ, ಕುಶಾಲನಗರದ ಬಡಾವಣೆಗಳಲ್ಲಿ ಇದರಿಂದ ನಿಜಕ್ಕೂ ವ್ಯತ್ಯಾಸವಾಗುತ್ತದೆ. ಹತ್ತಿರದ ಮನೆ ಅರ್ಧ ಕಿಲೋಮೀಟರ್ ಆಚೆ ಇರುವ ತೋಟದ ಒಂಟಿ ಮನೆಯವರು ಚಾನೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅಲ್ಲಿ ತಗಾದೆ ಮಾಡುವವರೇ ಯಾರೂ ಇಲ್ಲ.

ಟ್ರಾನ್ಸ್‌ಮಿಟ್ ಪವರ್ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಬೇಡಿ. ರೌಟರ್ ಜೋರಾಗಿ ಕೂಗಿದರೆ ಫೋನಿಗೆ ಕೇಳುತ್ತದೆ, ಆದರೆ ಫೋನಿನ ಸಣ್ಣ ದನಿ ರೌಟರಿಗೆ ಕೇಳಬೇಕಲ್ಲ? ಕಡ್ಡಿ ತುಂಬಿದ್ದರೂ ಸಂದೇಶ ಹೋಗದಿರುವುದು ಹೀಗೆ.

ಹಂತ 6: ತಂತಿ ಎಳೆದು ಎರಡನೇ ರೌಟರ್ ಕೂರಿಸುವುದು

ದಪ್ಪ ಗೋಡೆಯ ಮನೆಗೆ ಶಾಶ್ವತ ಪರಿಹಾರ ಇದೊಂದೇ. ಗೋಡೆಯನ್ನು ತರಂಗದಿಂದ ದಾಟಿಸುವ ಹೋರಾಟ ಬಿಟ್ಟು ತಂತಿಯಿಂದ ದಾಟಿಸಿ, ಆಚೆ ಬದಿಯಲ್ಲಿ ಹೊಸದಾಗಿ ವೈಫೈ ಹುಟ್ಟಿಸುವುದು. ಅಟ್ಟದಲ್ಲಿ ಬಿದ್ದಿರುವ ಹಳೆಯ ರೌಟರ್ ಇದ್ದರೆ ಅದೇ ಸಾಕು.

ಕೇಬಲ್ ಆಯ್ಕೆ. ಪೂರ್ತಿ ತಾಮ್ರದ ಕ್ಯಾಟ್ 6 ಕೇಳಿ. ಅಗ್ಗದ ಸುರುಳಿಗಳಲ್ಲಿ ಅಲ್ಯುಮಿನಿಯಂ ಎಳೆಗೆ ತಾಮ್ರದ ಲೇಪ ಮಾಡಿರುತ್ತಾರೆ. ಪತ್ತೆ ಹಚ್ಚಲು ಒಂದು ಎಳೆಯ ಸಿಪ್ಪೆ ಸುಲಿದು ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಿದ್ದರೆ ತಾಮ್ರ, ಬೆಳ್ಳಿ ಬಣ್ಣ ಕಂಡರೆ ವಾಪಸ್ ಕೊಡಿ. ಅಂಥದ್ದು ತೇವದಲ್ಲಿ ಬೇಗ ಕೊಳೆಯುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. ಗೋಡೆಯ ಹೊರಗೆ ಹೋಗುವ ಭಾಗಕ್ಕೆ ಕಪ್ಪು ಸಿಪ್ಪೆಯ ಹೊರಾಂಗಣ ಕೇಬಲ್ಲೇ ಬೇಕು. ಒಳಾಂಗಣದ ಬೂದು ಕೇಬಲ್ ಬಿಸಿಲಿಗೆ ಬಿರಿದು, ಮುಂದಿನ ಮಳೆಗಾಲದಲ್ಲಿ ಬತ್ತಿಯಂತೆ ನೀರು ಎಳೆದುಕೊಳ್ಳುತ್ತದೆ. ಒಟ್ಟು ಉದ್ದ 100 ಮೀಟರ್ ಮೀರಬಾರದು.

ದಾರಿ. ಮೊದಲು ಅಟ್ಟ, ಕಿಟಕಿಯ ಚೌಕಟ್ಟಿನ ಸಂದು, ಹಳೆಯ ಟಿವಿ ಕೇಬಲಿನ ತೂತು ಹುಡುಕಿ. ಕೆತ್ತನೆಯ ಮರಕ್ಕೆ, ಕಯ್ಯಾಲೆಯ (ಮುಂಜಗಲಿಯ) ಕಂಬಕ್ಕೆ ಡ್ರಿಲ್ ಹಾಕಬೇಡಿ. ಗೋಡೆ ಕೊರೆಯಲೇಬೇಕಾದರೆ ಒಳಗಿನಿಂದ ಹೊರಕ್ಕೆ, ಹೊರತುದಿ ಒಂದಿಂಚು ತಗ್ಗಾಗುವಂತೆ ಓರೆಯಾಗಿ ಕೊರೆಯಿರಿ. ಹಾಗೆ ಮಾಡಿದರೆ ಮಳೆನೀರು ಒಳಗೆ ನಡೆದುಬರುವುದಿಲ್ಲ. ಪ್ಲಗ್ ಹಾಕಿದ ಕೇಬಲ್ ದಾಟಿಸಲು 16 ಮಿಲಿಮೀಟರ್ ತೂತು ಬೇಕು. ಪ್ಲಗ್ ಆಮೇಲೆ ಹಾಕುವುದಾದರೆ 8 ಸಾಕು. ಮಣ್ಣಿನ ಗೋಡೆಯಲ್ಲಿ ಹ್ಯಾಮರ್ ಮೋಡ್ ಬೇಡ, ಆಚೆ ಬದಿಯಲ್ಲಿ ದೊಡ್ಡ ಹೆಂಟೆಯೇ ಕಿತ್ತುಬರುತ್ತದೆ.

ಹೊರಗೆ ಬಂದ ಕೇಬಲ್ ತೂತಿಗೆ ಹೋಗುವ ಮುನ್ನ ಕೆಳಗೆ ಬಾಗಿ ಮತ್ತೆ ಮೇಲೇರಲಿ. ಹನಿ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಆಮೇಲೆ ತೂತನ್ನು ಸಿಲಿಕೋನಿನಿಂದ ಮುಚ್ಚಿ. ಮುಚ್ಚದಿದ್ದರೆ ಇರುವೆ ರೌಟರಿನೊಳಗೆ ಗೂಡು ಕಟ್ಟುವುದಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಅಟ್ಟದಲ್ಲಿ ಕೇಬಲ್ ಪೈಪಿನೊಳಗೇ ಇರಲಿ, ಇಲಿಗೆ ಈ ಸಿಪ್ಪೆ ಬಹಳ ಇಷ್ಟ. ಕರೆಂಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಹಾಕಬೇಡಿ. ಒಂದು ಗೇಣು ಅಂತರ ಬಿಡಿ, ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಿ.

ಪ್ಲಗ್ ಹಾಕುವುದು. ಹೊರಸಿಪ್ಪೆ 3 ಸೆಂಟಿಮೀಟರ್ ಸುಲಿಯಿರಿ. ಎಂಟು ಎಳೆಗಳ ಹುರಿ ಬಿಚ್ಚಿ ನೇರ ಮಾಡಿ. ಪ್ಲಗ್ಗಿನ ಕೊಂಡಿ ಕೆಳಕ್ಕೆ, ಎಳೆ ಹೊಕ್ಕುವ ಬಾಯಿ ನಿಮ್ಮ ಕಡೆಗೆ ಬರುವಂತೆ ಹಿಡಿದಾಗ ಎಡದಿಂದ ಬಲಕ್ಕೆ ಬಣ್ಣದ ಸಾಲು ಹೀಗಿರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಸಾಲು. ಎಳೆಗಳನ್ನು ಒತ್ತಾಗಿ ಹಿಡಿದು ಹೊರಸಿಪ್ಪೆಯ ಅಂಚಿನಿಂದ 13 ಮಿಲಿಮೀಟರ್ ಉಳಿಯುವಂತೆ ಒಂದೇ ಏಟಿಗೆ ಕತ್ತರಿಸಿ, ಪ್ಲಗ್ಗಿನೊಳಗೆ ತಳ್ಳಿ. ಪಾರದರ್ಶಕ ತುದಿಯಲ್ಲಿ ಎಂಟು ತಾಮ್ರದ ಚುಕ್ಕಿಗಳೂ ಕಾಣಬೇಕು, ಹೊರಸಿಪ್ಪೆಯೂ ಪ್ಲಗ್ಗಿನ ಒಳಕ್ಕೆ ಸೇರಿರಬೇಕು. ಆಗ ಇಕ್ಕಳ ಒತ್ತಿ. ಬಣ್ಣದ ಸಾಲಿನಲ್ಲಿ ಎಡವುವುದು ನಾಲ್ಕನೇ, ಐದನೇ, ಆರನೇ ಎಳೆಗಳಲ್ಲಿ. ಹಸಿರಿನ ಜೋಡಿಯ ನಡುವೆ ನೀಲಿಯ ಜೋಡಿ ಕೂರುತ್ತದೆ ಎಂದು ನೆನಪಿಟ್ಟರೆ ಸಾಕು.

ಟೆಸ್ಟರಿನಲ್ಲಿ 1ರಿಂದ 8ರವರೆಗೆ ದೀಪ ಸಾಲಾಗಿ ಹತ್ತಬೇಕು. ಟೆಸ್ಟರ್ ಇಲ್ಲದವರಿಗೆ ಸುಳಿವು ಒಂದಿದೆ: ದೊಡ್ಡ ಪ್ಲಾನ್ ಇದ್ದೂ ವೇಗ ಎಷ್ಟು ಸಲ ಅಳೆದರೂ 94 ಎಂಬಿಪಿಎಸ್ ಆಸುಪಾಸಿಗೇ ನಿಲ್ಲುತ್ತಿದ್ದರೆ ಯಾವುದೋ ಒಂದು ಎಳೆ ತಾಗಿಲ್ಲ, ಇಲ್ಲವೇ ರೌಟರಿನ ಪೋರ್ಟೇ 100ರದ್ದು.

ಹಳೆಯ ರೌಟರನ್ನು ಆಕ್ಸೆಸ್ ಪಾಯಿಂಟ್ (ತಂತಿಯಲ್ಲಿ ಬಂದ ನೆಟ್ಟನ್ನು ವೈಫೈ ಆಗಿ ಹರಡುವ ಪೆಟ್ಟಿಗೆ) ಮಾಡುವುದು. ಇಲ್ಲಿ ಕ್ರಮ ತಪ್ಪಿದರೆ ಇಡೀ ಮನೆಯ ನೆಟ್ ನಿಲ್ಲುತ್ತದೆ, ಹಾಗಾಗಿ ನಿಧಾನ.

1. ಹಳೆಯ ರೌಟರನ್ನು ಮುಖ್ಯ ರೌಟರಿಗೆ ಇನ್ನೂ ಸೇರಿಸಬೇಡಿ. ರೀಸೆಟ್ ಗುಂಡಿಯನ್ನು 10–15 ಸೆಕೆಂಡ್ ಒತ್ತಿ ಹಿಡಿದು, ಲ್ಯಾಪ್‌ಟಾಪ್‌ಗೆ ಮಾತ್ರ ಕೇಬಲ್‌ನಿಂದ ಜೋಡಿಸಿ.

2. ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಎಂಬ ಆಯ್ಕೆ ಇದ್ದರೆ ಅದನ್ನು ಒತ್ತಿ ನೇರ 5ಕ್ಕೆ ಹೋಗಿ.

3. ಇಲ್ಲದಿದ್ದರೆ ಅದರ ಲ್ಯಾನ್ ವಿಳಾಸ ಬದಲಿಸಿ. ಮುಖ್ಯ ರೌಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಪುಟ ಮಾಯವಾಗುತ್ತದೆ, ಹೊಸ ವಿಳಾಸದಲ್ಲಿ ಮತ್ತೆ ತೆರೆಯಿರಿ.

4. ಡಿಎಚ್‌ಸಿಪಿ ಆಫ್ ಮಾಡಿ. ಇದನ್ನು ಮರೆತರೆ ಎರಡು ರೌಟರುಗಳೂ ವಿಳಾಸ ಹಂಚಲು ಕೂರುತ್ತವೆ. ಒಂದು ಫೋನಿಗೆ ನೆಟ್ ಸಿಗುತ್ತದೆ, ಇನ್ನೊಂದಕ್ಕೆ ಸಿಗುವುದಿಲ್ಲ, ನಾಳೆ ಅದು ತಿರುಗುಮುರುಗಾಗುತ್ತದೆ.

5. ವೈಫೈ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮುಖ್ಯ ರೌಟರಿನಂತೆಯೇ ಇರಲಿ. ಚಾನೆಲ್ ಮಾತ್ರ ಬೇರೆ: ಅದು 1 ಆದರೆ ಇದು 6 ಅಥವಾ 11.

6. ಈಗ ಮುಖ್ಯ ರೌಟರಿನ ಲ್ಯಾನ್ ಪೋರ್ಟಿನಿಂದ ಇದರ ಲ್ಯಾನ್ ಪೋರ್ಟಿಗೆ ಕೇಬಲ್ ಕೊಡಿ. ಹೊರಗಿನ ಲೈನಿಗೆಂದೇ ಇರುವ ಬೇರೆ ಬಣ್ಣದ ವ್ಯಾನ್ ಪೋರ್ಟಿಗೆ ಚುಚ್ಚಬೇಡಿ. ಚುಚ್ಚಿದರೆ ನೆಟ್ ಬಂದಂತೆ ಕಂಡರೂ ಆಚೆ ಕೋಣೆಯ ಫೋನಿಗೆ ಈಚೆಯ ಪ್ರಿಂಟರ್, ಕ್ಯಾಮೆರಾ ಕಾಣುವುದಿಲ್ಲ. ಆಕ್ಸೆಸ್ ಪಾಯಿಂಟ್ ಮೋಡ್ ಇರುವ ರೌಟರಿಗೆ ಮಾತ್ರ ವ್ಯಾನ್ ಪೋರ್ಟೂ ನಡೆಯುತ್ತದೆ.

ಎರಡು ರೌಟರುಗಳ ನಡುವೆ ನಡೆದಾಡುವಾಗ ಕೆಲವು ಫೋನ್ ಮೊದಲು ಹಿಡಿದ ರೌಟರಿಗೇ ಅಂಟಿಕೊಂಡಿರುತ್ತದೆ. ಸಾಮಾನ್ಯವಾಗಿ -70 ದಾಟುವವರೆಗೆ ಫೋನ್ ಬೇರೆಯದನ್ನು ಹುಡುಕಲು ಹೋಗುವುದಿಲ್ಲ. ಎರಡರಲ್ಲೂ 2.4ರ ಟ್ರಾನ್ಸ್‌ಮಿಟ್ ಪವರ್ ಮಧ್ಯಮಕ್ಕೆ ಇಳಿಸಿದರೆ ಈ ಹಟ ಕಡಿಮೆಯಾಗುತ್ತದೆ.

ಹಂತ 7: ತಂತಿ ಸಾಧ್ಯವೇ ಇಲ್ಲ ಎನ್ನುವವರಿಗೆ

ಬಾಡಿಗೆ ಮನೆ, ಅಥವಾ ಗೋಡೆ ಮುಟ್ಟಬಾರದು ಎಂಬ ಕಟ್ಟಪ್ಪಣೆ. ಆಗ ಮೆಷ್ ಜೋಡಿ (ತಂತಿಯಿಲ್ಲದೆ ಸೇರಿಕೊಂಡು ಒಂದೇ ವೈಫೈ ಹಂಚುವ ಎರಡು ಪೆಟ್ಟಿಗೆ), ಇಲ್ಲವೇ ರಿಪೀಟರ್. ಎರಡರಲ್ಲೂ ಗುಟ್ಟು ಜಾಗದಲ್ಲಿದೆ. ಎರಡನೇ ಹಂತದ ನಕ್ಷೆ ತೆಗೆದು ಮುಖ್ಯ ರೌಟರಿನ ಸಿಗ್ನಲ್ -60ರಿಂದ -65 ಇರುವ ಜಾಗ ಹುಡುಕಿ, ಪೆಟ್ಟಿಗೆ ಅಲ್ಲಿರಲಿ. ಸಾಮಾನ್ಯವಾಗಿ ಅದು ಕಾಡುವ ಕೋಣೆಯ ಬಾಗಿಲಿಗೆ ಎದುರಾಗಿ, ದಪ್ಪ ಗೋಡೆಯ ಈಚೆ ಬದಿಯಲ್ಲಿ ಇರುತ್ತದೆ. ಬಾಗಿಲು ತೆರೆದಿದ್ದರೆ ಇನ್ನೂ ಒಳ್ಳೆಯದು.

ಒಂದೇ ಬ್ಯಾಂಡಿನ ಅಗ್ಗದ ರಿಪೀಟರ್ ಕೇಳುವುದೂ ಹೇಳುವುದೂ ಒಂದೇ ರೇಡಿಯೊದಲ್ಲಿ, ಹಾಗಾಗಿ ವೇಗ ಅರ್ಧಕ್ಕಿಳಿಯುತ್ತದೆ. ಅದಕ್ಕೆ ಇನ್ನೊಂದು ರಿಪೀಟರ್ ಸರಪಳಿ ಕಟ್ಟಿದರೆ ಕಾಲುಭಾಗ. ಎರಡು ಬ್ಯಾಂಡಿನದ್ದಕ್ಕಿಂತ ಕೆಳಗೆ ಇಳಿಯಬೇಡಿ. ಮೆಷ್ ಕೊಳ್ಳುವುದಾದರೆ ಹಿಂದೆ ಲ್ಯಾನ್ ಪೋರ್ಟ್ ಇರುವುದನ್ನೇ ಕೊಳ್ಳಿ. ಮುಂದೆಂದಾದರೂ ತಂತಿ ಎಳೆದಾಗ ಅದೇ ಪೆಟ್ಟಿಗೆ ಪೂರ್ತಿ ವೇಗದಲ್ಲಿ ಓಡುತ್ತದೆ.

ಕರೆಂಟಿನ ವೈರಿನಲ್ಲೇ ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಬಗ್ಗೆ ಒಂದು ಎಚ್ಚರಿಕೆ. ಎರಡು ಪ್ಲಗ್ ಒಂದೇ ಫೇಸಿನಲ್ಲಿದ್ದರೆ ಮಾತ್ರ ಅದು ನೆಟ್ಟಗೆ ಕೆಲಸ ಮಾಡುತ್ತದೆ. ತೋಟದ ಮನೆಗಳಲ್ಲಿ ಪಂಪಿಗೆಂದು ಮೂರು ಫೇಸ್ ಇರುತ್ತದೆ, ಒಂದು ಕೋಣೆ ಇನ್ವರ್ಟರಿನಲ್ಲಿ, ಇನ್ನೊಂದು ನೇರ ಲೈನಿನಲ್ಲಿ. ವಾಪಸ್ ತೆಗೆದುಕೊಳ್ಳುವ ಅಂಗಡಿಯಿಂದ ಮಾತ್ರ ತನ್ನಿ.

ಹಂತ 8: ಅಂಗಳದಾಚೆಯ ಕಟ್ಟಡ

ಹೋಂಸ್ಟೇ ಕೋಣೆ, ಕಣದ ಪಕ್ಕದ ಗೋದಾಮು, ಕಾರ್ಮಿಕರ ಲೈನ್‌ಮನೆ: ಇವಕ್ಕೆ ಮನೆಯ ರೌಟರಿನಿಂದ ನೇರ ಸಿಗ್ನಲ್ ಎಸೆಯುವ ಆಸೆ ಬಿಡಿ. ನಡುವೆ ಕಾಫಿ, ಮೆಣಸಿನ ಬಳ್ಳಿ, ನೆರಳಿನ ಮರಗಳು. ಒದ್ದೆ ಎಲೆಗಳ ಗೋಡೆ ಕಲ್ಲಿನ ಗೋಡೆಗೆ ಕಡಿಮೆಯಿಲ್ಲ. ಎರಡು ಚಾವಣಿಗಳ ನಡುವೆ ದೃಷ್ಟಿ ನೇರವಾಗಿ ಹಾಯುತ್ತಿದ್ದರೆ ಮಾತ್ರ 5 ಗಿಗಾಹರ್ಟ್ಸಿನ ಹೊರಾಂಗಣ ವೈರ್‌ಲೆಸ್ ಜೋಡಿ ಆಗಬಹುದು. ಕಾಫಿ ಕೊಯ್ಲಿನ ಹೊತ್ತಿಗೆ ಜಾಗ ನೋಡಿ ಕಟ್ಟಿದ್ದು, ಜೂನ್‌ನಲ್ಲಿ ಚಿಗುರು ಬೆಳೆದು ಮುಚ್ಚಿಹೋಗುವುದುಂಟು.

ತಾಮ್ರದ ಲ್ಯಾನ್ ಕೇಬಲ್ ಎರಡು ಕಟ್ಟಡಗಳ ನಡುವೆ ಬೇಡ. ಸಿಡಿಲು ಹತ್ತಿರದಲ್ಲಿ ಬಿದ್ದಾಗ ಎರಡು ಕಡೆಯ ಅರ್ಥಿಂಗ್ ನಡುವೆ ಏಳುವ ವೋಲ್ಟೇಜ್ ಆ ತಂತಿಯಲ್ಲೇ ಓಡಿ ಎರಡೂ ತುದಿಯ ಪೆಟ್ಟಿಗೆಗಳನ್ನು ಸುಡುತ್ತದೆ. ಇಲ್ಲಿ ಫೈಬರ್ ಹಾಕಿ. ಗಾಜಿನಲ್ಲಿ ಕರೆಂಟ್ ಓಡುವುದಿಲ್ಲ, 100 ಮೀಟರಿನ ಮಿತಿಯೂ ಇಲ್ಲ.

ಬೇಕಾಗುವುದು: ಬೇಕಾದಷ್ಟು ಉದ್ದದ, ಎರಡೂ ತುದಿಗೆ ಎಸ್‌ಸಿ ಕನೆಕ್ಟರ್ ಹಾಕಿಯೇ ಬರುವ ಒಂಟಿ ಎಳೆಯ ಸಿಂಗಲ್ ಮೋಡ್ ಕೇಬಲ್, ಒಂದು ಜೋಡಿ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನೂ ಲ್ಯಾನ್ ಸಿಗ್ನಲನ್ನೂ ಒಂದಕ್ಕೊಂದು ಬದಲಿಸುವ ಪೆಟ್ಟಿಗೆ). ಕನ್ವರ್ಟರ್ ಜೋಡಿಯಲ್ಲಿ ಒಂದು ಎ, ಇನ್ನೊಂದು ಬಿ. ಒಂದು 1310 ನ್ಯಾನೋಮೀಟರಿನಲ್ಲಿ ಕಳಿಸಿ 1550ರಲ್ಲಿ ಪಡೆಯುತ್ತದೆ, ಇನ್ನೊಂದು ಅದರ ತಿರುಗು. ಎರಡೂ ಎ ತಂದುಬಿಟ್ಟರೆ ದೀಪ ಹತ್ತುವುದೇ ಇಲ್ಲ. ಕನೆಕ್ಟರಿನ ಬಣ್ಣವೂ ಹೊಂದಬೇಕು: ನೀಲಿಗೆ ನೀಲಿ, ಹಸಿರಿಗೆ ಹಸಿರು. ಹಸಿರಿನ ತುದಿ ಓರೆಯಾಗಿ ಉಜ್ಜಿದ್ದು, ನೀಲಿಗೆ ಸಿಕ್ಕಿಸಿದರೆ ಬೆಳಕು ಅರೆಬರೆ ದಾಟುತ್ತದೆ. ಫೈಬರಿನ ತುದಿಗೆ ಕಣ್ಣಿಟ್ಟು ನೋಡಬೇಡಿ; ಆ ಬೆಳಕು ಕಾಣುವುದಿಲ್ಲ, ಆದರೆ ಅದು ಲೇಸರ್.

ಒಂದು ಕಡೆ ಎಲ್ಲರೂ ಎಡವುತ್ತಾರೆ. ತೂಗುಹಾಕುವ ಫೈಬರಿನ ಪಕ್ಕದಲ್ಲಿ ಆಧಾರಕ್ಕೆಂದು ಉಕ್ಕಿನ ತಂತಿ ಅಂಟಿಕೊಂಡಿರುತ್ತದೆ. ಆ ಉಕ್ಕು ಮನೆಯೊಳಗೆ ಬಂದರೆ ಗಾಜು ಹಾಕಿದ್ದಕ್ಕೆ ಅರ್ಥವೇ ಇಲ್ಲ. ಗೋಡೆಯ ಹೊರಗೇ ಕೊಕ್ಕೆಗೆ ಕಟ್ಟಿ ಕತ್ತರಿಸಿ, ಫೈಬರ್ ಭಾಗವನ್ನು ಮಾತ್ರ ಒಳಗೆ ತನ್ನಿ. ಆ ಕನೆಕ್ಟರಿನ ಹತ್ತಿರದ ಕೊನೆಯ ಒಂದು ಮೀಟರನ್ನು ಎಳೆಯದೆ ಸಡಿಲವಾಗಿ ಸುತ್ತಿಡಿ.

ನೆಲದೊಳಗೆ ಹಾಕುವುದಾದರೆ ಒಂದೂವರೆ ಅಡಿ ಆಳದಲ್ಲಿ, ಎಚ್‌ಡಿಪಿಇ ಪೈಪಿನೊಳಗೆ. ಗಿಡಕ್ಕೆ ಗುಂಡಿ ತೆಗೆಯುವವರಿಗೆ ದಾರಿ ಗೊತ್ತಿರುವಂತೆ ಅಲ್ಲಲ್ಲಿ ಕಲ್ಲು ನೆಡಿ. ಆನೆಗೆಂದು ಹಾಕಿದ ಸೋಲಾರ್ ಬೇಲಿಯ ಗುಂಟ ಯಾವ ಲ್ಯಾನ್ ತಂತಿಯನ್ನೂ ಕಟ್ಟಬೇಡಿ. ಬೇಲಿಯಲ್ಲಿ ಸೆಕೆಂಡಿಗೊಮ್ಮೆಯಂತೆ ಕೆಲವು ಸಾವಿರ ವೋಲ್ಟಿನ ಬಡಿತ ಇರುತ್ತದೆ, ತಂತಿ ಅದನ್ನು ಪಕ್ಕದಲ್ಲೇ ನಿಂತು ಹಿಡಿದುಕೊಳ್ಳುತ್ತದೆ.

ಹಂತ 9: ಸಿಡಿಲು, ಕರೆಂಟು, ತೇವ

ಕಾಫಿ ಅರಳಿಸುವ ಹೂಮಳೆಯಿಂದ ಮೇ ಕೊನೆಯವರೆಗಿನ ಸಿಡಿಲಿನ ದಿನಗಳಲ್ಲಿ ರೌಟರ್ ಸಾಯುವುದು ಹೆಚ್ಚಾಗಿ ಎರಡು ದಾರಿಯಿಂದ: ಅಡಾಪ್ಟರಿನ ಪ್ಲಗ್, ಚಾವಣಿಯ ಕ್ಯಾಮೆರಾದಿಂದ ಬಂದ ಲ್ಯಾನ್ ತಂತಿ. ಗುಡುಗು ದೂರದಲ್ಲಿರುವಾಗಲೇ ಎರಡನ್ನೂ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು, ಸ್ವಿಚ್ಚಿನೊಳಗಿನ ಸಣ್ಣ ಸಂದನ್ನು ಸಿಡಿಲು ಜಿಗಿಯುತ್ತದೆ. ಸ್ಪೈಕ್ ಗಾರ್ಡ್ ಹಾಕಿದ್ದೇವೆ ಎಂದು ನಿಶ್ಚಿಂತರಾಗಬೇಡಿ. ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಅದು ಬರಿಯ ಎಕ್ಸ್‌ಟೆನ್ಷನ್ ಬೋರ್ಡ್.

ವೋಲ್ಟೇಜ್ ಇಳಿಯುವ ಊರಿನಲ್ಲಿ ರೌಟರಿಗೆ ಸ್ಟೆಬಿಲೈಸರ್ ಬೇಕಿಲ್ಲ. ಅಡಾಪ್ಟರಿನ ಮೇಲೆ 100–240 ಎಂದು ಅಚ್ಚಾಗಿದ್ದರೆ ಅದು ತಾನೇ ನಿಭಾಯಿಸುತ್ತದೆ. ಕರೆಂಟ್ ಹೋದಾಗಲೆಲ್ಲ ನೆಟ್ ಎರಡು ಮೂರು ನಿಮಿಷ ಮಾಯವಾಗುತ್ತಿದ್ದರೆ ಇನ್ವರ್ಟರ್ ಬದಲಾಗುವ ಕ್ಷಣದಲ್ಲಿ ರೌಟರ್ ಮತ್ತೆ ಶುರುವಾಗುತ್ತಿದೆ ಎಂದರ್ಥ. ಇನ್ವರ್ಟರ್ ಹಿಂದಿನ ಸ್ವಿಚ್ ಯುಪಿಎಸ್ ಮೋಡಿಗೆ ಹಾಕಿ. ಅದು ಆಗದಿದ್ದರೆ 12 ವೋಲ್ಟಿನ ಮಿನಿ ಯುಪಿಎಸ್ ತನ್ನಿ. ಆದರೆ ಫೈಬರ್ ಪೆಟ್ಟಿಗೆ, ಮುಖ್ಯ ರೌಟರ್, ಎರಡನೇ ರೌಟರ್, ಕನ್ವರ್ಟರ್ ಎಲ್ಲಕ್ಕೂ ಬ್ಯಾಕಪ್ ಇರಬೇಕು. ಒಂದನ್ನು ಬಿಟ್ಟರೂ ಸರಪಳಿ ಅಲ್ಲೇ ತುಂಡು.

ಮಳೆಗಾಲದ ತೇವಕ್ಕೆ ಪ್ಲಗ್ಗಿನ ಚಿನ್ನದ ಬಣ್ಣದ ಪಿನ್ನುಗಳು ಹಸಿರುಗಟ್ಟುತ್ತವೆ. ಲ್ಯಾನ್ ಸಂಪರ್ಕ ಆಗಾಗ ಕಡಿಯುತ್ತಿದ್ದರೆ ಪ್ಲಗ್ ತೆಗೆದು ನೋಡಿ. ಹಸಿರು ಕಂಡರೆ ಉಜ್ಜುತ್ತಾ ಕೂರಬೇಡಿ, ಕತ್ತರಿಸಿ ಹೊಸ ಪ್ಲಗ್ ಹಾಕಿ.

ಕೊನೆಗೆ ಅಡಾಪ್ಟರುಗಳ ಮೇಲೆ ಚೀಟಿ ಅಂಟಿಸಿ: ಯಾವ ಪೆಟ್ಟಿಗೆಯದು, ಎಷ್ಟು ವೋಲ್ಟ್, ಎಷ್ಟು ಆಂಪಿಯರ್. ಕನ್ವರ್ಟರಿನದು 5 ವೋಲ್ಟ್, ರೌಟರಿನದು 12, ಲ್ಯಾನ್ ತಂತಿಯಲ್ಲೇ ಕರೆಂಟ್ ಕಳಿಸುವ ಪಿಒಇ ಪೆಟ್ಟಿಗೆಯದು 24 ಅಥವಾ 48 ಇರಬಹುದು. ಕೆಲವದರ ತೂತು ಒಂದೇ ಅಳತೆಯದ್ದು, ಸಲೀಸಾಗಿ ಹೊಕ್ಕುತ್ತದೆ. ಗುಡುಗಿಗೆ ಹೆದರಿ ಕಿತ್ತಿಟ್ಟದ್ದನ್ನು ಕತ್ತಲಲ್ಲಿ ಮತ್ತೆ ಸಿಕ್ಕಿಸುವವರಿಗೆ ಆ ಚೀಟಿ ಬೇಕಾಗುತ್ತದೆ.